ಹುಲಿಗೆವ್ವನ ಹೆಸರಿದ್ದ ಹಾಳೆ

ಜಯನಗರ
೧೦ ಜೂನ್ ೨೦೨೪

ಅಪ್ಪ,

ಐದು ಕಿಲೋಮೀಟರ್ ದೂರದಲ್ಲಿರುವ ನಿಮಗೆ ಅಂಚೆಯಲ್ಲಿ ಪತ್ರ ಹಾಕುತ್ತಿದ್ದೇನೆ ಎಂದು ಅಮ್ಮ ನಗಬಹುದು. ನಗಲಿ. ಭಾನುವಾರ ನಾನು ಗಿರಿನಗರಕ್ಕೆ ಬಂದಾಗ ನಾವಿಬ್ಬರೂ ಆಡುವ ಮಾತೆಂದರೆ ಸಾರಿಗೆ ಉಪ್ಪು ಸಾಕೇ ಎಂಬುದೊಂದೇ. ನಿಮಗೆ ಕೇಳಿಸುವುದಿಲ್ಲ, ಕಿವಿಯ ಮಿಷನ್ ಡ್ರಾಯರಿನಲ್ಲಿರುತ್ತದೆ. ನನಗೆ ಕೂಗಿ ಹೇಳಲು ಬರುವುದಿಲ್ಲ. ಕೂಗಿದರೆ ಯಾವ ಮಾತೂ ಜಗಳದ ಹಾಗೆ ಕೇಳಿಸುತ್ತದೆ. ಇಂಗ್ಲಿಷ್ ಶಾಲೆಯ ಹುಡುಗಿ ಕನ್ನಡ ಮರೆಯಬಾರದು ಎಂದು ಬೇಸಿಗೆ ರಜೆಯಲ್ಲಿ ವಾರಕ್ಕೊಂದು ಪುಟ ಬರೆಸುತ್ತಿದ್ದವರು ನೀವೇ. ತಪ್ಪಿಸಿಕೊಂಡ ಪುಟಗಳಲ್ಲಿ ಇದೂ ಒಂದು ಎಂದುಕೊಳ್ಳಿ.

ವಿಷಯ ಇಷ್ಟು. ಹೊಸ ಕೆಲಸ ಸಿಕ್ಕಿದೆ. ಕಂಪನಿಗಳಲ್ಲಿ ಇಪ್ಪತ್ತು ವರ್ಷ ಮಾಡಿದ್ದನ್ನೇ ಈಗ ಒಂದು ವಾರ್ಡ್ ಕಚೇರಿಯಲ್ಲಿ ಮಾಡಬೇಕು. ಸಿಬ್ಬಂದಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ಒಂದು ಮಾನದಂಡವಿದೆ. ಅದನ್ನು ಮುಟ್ಟಿದ ಕಚೇರಿಗೆ ಗೇಟಿನ ಬಳಿ ಹಾಕಲು ಒಂದು ಫಲಕ ಕೊಡುತ್ತಾರೆ. ಫೆಬ್ರವರಿಯಲ್ಲಿ ಹೊರಗಿನಿಂದ ಒಬ್ಬರು ಪರೀಕ್ಷೆಗೆ ಬರುತ್ತಾರೆ. ನಾನು ಕಚೇರಿಯನ್ನು ಅದಕ್ಕೆ ಸಿದ್ಧಮಾಡಬೇಕು. ಈ ಮಾನದಂಡದಲ್ಲಿ ನನಗೆ ಇಷ್ಟವಾದದ್ದು ಒಂದೇ: ಅದು ಫೈಲು ನೋಡುವುದಿಲ್ಲ. ಚೀಟಿ ಎತ್ತಿ ಇಪ್ಪತ್ತು ಜನರನ್ನು ಕರೆದು, ಬಾಗಿಲು ಹಾಕಿಕೊಂಡು, ಕೇಳುತ್ತದೆ.

ಯಾವ ವಾರ್ಡು ಎಂದು ಊಹಿಸಿದ್ದೀರಿ ಅಲ್ಲವೇ? ನೀವು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದದ್ದೇ. ಪೌರಕಾರ್ಮಿಕರು ಈಗಲೂ ಬೆಳಿಗ್ಗೆ ನೀರಿನ ಟ್ಯಾಂಕಿನ ಪಕ್ಕದ ಹೊಂಗೆ ಮರದ ಕೆಳಗೇ ಹಾಜರಿ ಕೊಡುತ್ತಾರೆ. ಮೇಸ್ತ್ರಿ ಬೋರಯ್ಯ ಈಗಲೂ ಇದ್ದಾರೆ. ನಿಮ್ಮನ್ನು ಬಹಳ ಕೇಳಿದರು.

ಮೊದಲ ವಾರವೇ ಒಂದು ತಮಾಷೆ ಆಯಿತು. ಮೇಲಿನವರು ಪ್ರತಿಯೊಬ್ಬ ಕೆಲಸಗಾರರ ಜೊತೆ ವರ್ಷಕ್ಕೊಮ್ಮೆ ಕೂತು ಮಾತಾಡಬೇಕು ಎಂಬ ನಿಯಮವಿದೆ. ಮೂರೇ ಪ್ರಶ್ನೆ: ಯಾವುದು ಚೆನ್ನಾಗಿ ನಡೆಯಿತು? ಯಾವುದು ಕಷ್ಟವಾಯಿತು? ನಾನು ನಿಮಗೆ ಏನು ಮಾಡಬಹುದು? ನಾನು ಅರವತ್ತೆರಡು ಫಾರಂ ಕೊಟ್ಟುಬಂದೆ. ಮಾರನೆಯ ದಿನವೇ ಅರವತ್ತೆರಡೂ ತುಂಬಿ ಬಂದವು. ಎಲ್ಲದರಲ್ಲೂ "ಚೆನ್ನಾಗಿದೆ. ಕಷ್ಟವಿಲ್ಲ. ಏನೂ ಬೇಡ." ಆರೋಗ್ಯಾಧಿಕಾರಿ ಭಾರ್ಗವ ಹಾಜರಿಯಲ್ಲಿ ನಿಂತು "ಎಲ್ಲರದ್ದೂ ಮಾತುಕತೆ ಆಯ್ತಾ?" ಎಂದು ಕೇಳಿದ್ದಾರೆ. "ಆಯ್ತು ಸಾರ್" ಎಂದಿದ್ದಾರೆ. ಮುಗಿಯಿತು!

ನಿಮ್ಮ ಕಾಲದಲ್ಲಿ ನೀವು ಅವರನ್ನು ಏನು ಕೇಳುತ್ತಿದ್ದಿರಿ?

ಶರ್ವಾಣಿ


ಗಿರಿನಗರ
೨೨ ಜೂನ್ ೨೦೨೪

ಶರ್ವಾಣಿ,

ನಿನ್ನ ಎರಡು ಹಾಳೆ ಮೂರು ದಿನ ತೆಗೆದುಕೊಂಡು ತಲುಪಿದವು. ನಡೆದುಕೊಂಡು ಬಂದಿದ್ದರೂ ಒಂದೂವರೆ ಗಂಟೆ.

ನಮ್ಮ ಕಾಲದಲ್ಲಿ ಫಲಕ ಇರಲಿಲ್ಲ. ಎಂಟು ಗಂಟೆಗೆ ರಸ್ತೆ ನೋಡಿದರೆ ಮಾನದಂಡ ಮುಟ್ಟಿದೆಯೋ ಇಲ್ಲವೋ ತಿಳಿಯುತ್ತಿತ್ತು. ನಾನು ಅವರನ್ನು ಕೇಳುತ್ತಿದ್ದದ್ದು: ಎಷ್ಟು ಜನ ಬಂದಿದ್ದಾರೆ, ಯಾವ ರಸ್ತೆ ಬಾಕಿ. ಅವರು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅದನ್ನೇ ಶಿಸ್ತು ಎಂದುಕೊಂಡಿದ್ದೆವು.

ಬೋರಯ್ಯ ಒಳ್ಳೆಯವನು. ನನ್ನ ನಮಸ್ಕಾರ ತಿಳಿಸು. ಭಾರ್ಗವನಂಥ ಹುಡುಗರಿಗೆ ಫಾರಂ ಕೊಟ್ಟರೆ ಹಾಗೆಯೇ ಆಗುವುದು. ಫಾರಂ ಕೊಡಬೇಡ. ಬೆಳಿಗ್ಗೆ ಆರಕ್ಕೆ ನೀನೇ ಹೋಗಿ ಮರದ ಕೆಳಗೆ ಕೂತುಕೋ. ಕುರ್ಚಿ ಹಾಕಿಸಿಕೊಳ್ಳಬೇಡ.

ಬೇಸಿಗೆ ರಜೆಯ ಪುಟಗಳು ನನ್ನ ಬಳಿಯೇ ಇವೆ. ಹತ್ತೊಂಬತ್ತು. ನೀನು ತಪ್ಪಿಸಿದ್ದು ಹೆಚ್ಚು.

ರಾಮಪ್ರಸಾದ

(ನಿನ್ನ ಪತ್ರವನ್ನು ಎರಡು ಸಲ ಓದಿದರು. ಭಾನುವಾರ ಹುರುಳಿಕಾಯಿ ಪಲ್ಯ ಮಾಡ್ತೀನಿ, ಬಾ. — ಅಮ್ಮ)


ಜಯನಗರ
೧೮ ಜುಲೈ ೨೦೨೪

ಅಪ್ಪ,

ನೀವು ಹೇಳಿದಂತೆಯೇ ಮಾಡಿದೆ. ಮೂರು ವಾರ, ವಾರಕ್ಕೆರಡು ದಿನ, ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆ. ಮೊದಲೆರಡು ದಿನ ಎಲ್ಲರೂ ನನ್ನ ಕಣ್ಣೆದುರು ಬಹಳ ಚೆನ್ನಾಗಿ ನಡೆದುಕೊಂಡರು. ಮೂರನೆಯ ದಿನ ನಾನಿರುವುದನ್ನು ಮರೆತರು.

ಆಗ ಕಂಡದ್ದು. ಬೋರಯ್ಯ ಹೆಸರು ಕೂಗುತ್ತಾರೆ, ಫೋನಿನಲ್ಲಿ ಮುಖದ ಹಾಜರಿ ಹಿಡಿಯುತ್ತಾರೆ. ಆಮೇಲೆ ಯಾರೂ ಕದಲುವುದಿಲ್ಲ. ಎಲ್ಲರೂ ಒಬ್ಬ ಹೆಂಗಸಿನತ್ತ ನೋಡುತ್ತಾರೆ. ಆಕೆ ಸೆರಗು ಬಿಗಿದು, "ಶರಣಮ್ಮ, ನಿನಗ ಮೂರನೇ ತಿಂಗಳು, ಪಾರ್ಕ್ ರಸ್ತೆಗೆ ಹೋಗು, ಅಲ್ಲಿ ಏರು ಇಲ್ಲ. ವೇಣು, ಮಾರ್ಕೆಟ್ ನಿಂದು. ಮುಖ ಯಾಕ ಹಂಗ ಮಾಡ್ತಿ, ನಿನ್ನೆ ನಾ ಮಾಡೀನಿ" ಎನ್ನುತ್ತಾರೆ. ಎರಡು ನಿಮಿಷದಲ್ಲಿ ಅರವತ್ತೆರಡು ಜನ ರಸ್ತೆ ಹಿಡಿಯುತ್ತಾರೆ. ಬೋರಯ್ಯ ಅದನ್ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

"ಇವ್ರು ಯಾರು ಬೋರಯ್ಯ?" ಎಂದೆ.

"ಹುಲಿಗೆವ್ವ ಮೇಡಂ. ಪೊರಕೆ ಕೆಲಸ. ಖಾಯಂ."

"ರಸ್ತೆ ಹಂಚೋದು ಅವ್ರೇನಾ?"

"ನಾನೇ ಹಂಚೋದು ಮೇಡಂ." ಪುಸ್ತಕ ಮುಚ್ಚುತ್ತ, "ಅವ್ಳು ಹೇಳ್ತಾಳೆ, ನಾನು ಹಂಚ್ತೀನಿ" ಎಂದು ತಾವೇ ನಕ್ಕರು.

ಹುಲಿಗೆವ್ವ ಗಂಗಾವತಿ ಕಡೆಯವರು. ಬೆಂಗಳೂರಿಗೆ ಬಂದು ನಲವತ್ತು ವರ್ಷವಾಗಿದೆ; ಮಾತು ಅಲ್ಲಿಯದೇ ಉಳಿದಿದೆ. ನಾನು ನಿಮ್ಮ ಮಗಳು ಎಂದು ಬೋರಯ್ಯ ಹೇಳಿಬಿಟ್ಟಿದ್ದರು. ಟೀ ಕುಡಿಯುತ್ತ ಆಕೆ ನನ್ನನ್ನು ನೋಡಿ, "ಮೂಗು ಸಾಹೇಬ್ರದ್ದೇ ಐತ್ರಿ" ಎಂದರು. ಆಮೇಲೆ ಗ್ಲಾಸಿನೊಳಗೆ ನೋಡುತ್ತ, "ನಿಮ್ಮಪ್ಪಾರು ಒಮ್ಮೆ ನನ್ನ ಹೆಸರು ಬರದಿದ್ರು. ಮೇಸ್ತ್ರಿ ಮಾಡಾಕ. ನನ್ನ ಕರದು ಹೇಳಿದ್ರು ಸೈತ. ಆಮ್ಯಾಲ ಏನಾತೋ ಗೊತ್ತಿಲ್ಲ" ಎಂದರು.

"ನೀವು ಕೇಳಲಿಲ್ವಾ?"

"ಹೆಂಗ ಕೇಳೂದ್ರಿ."

ಫೆಬ್ರವರಿ ಇಪ್ಪತ್ತೆಂಟಕ್ಕೆ ಆಕೆಗೆ ನಿವೃತ್ತಿ. ಮೇಸ್ತ್ರಿಯ ಕೆಲಸವನ್ನೆಲ್ಲ ಮಾಡಿ, ಕಸ ಗುಡಿಸುವವರಾಗಿಯೇ ಹೋಗುತ್ತಾರೆ. ಅಪ್ಪ, ಆಮೇಲೆ ಏನಾಯಿತು?

ಶರ್ವಾಣಿ


ಗಿರಿನಗರ
೧೧ ಆಗಸ್ಟ್ ೨೦೨೪

ಶರ್ವಾಣಿ,

ಮಳೆ ಚೆನ್ನಾಗಿದೆ. ಸೀತಾ ಸರ್ಕಲ್ ಕಡೆ ವಾಕಿಂಗ್ ನಿಲ್ಲಿಸಿದ್ದೇನೆ. ಡಾಕ್ಟರರು ಕಿವಿ ಮಿಷನ್ನಿನ ಸೌಂಡು ಕಡಿಮೆ ಮಾಡಿಕೊಟ್ಟರು. ಆದರೂ ಹಾಕಿದರೆ ತಟ್ಟೆ ಲೋಟದ ಸದ್ದೇ ಕೇಳಿಸುತ್ತದೆ, ಮನುಷ್ಯರದ್ದಲ್ಲ. ಹಾಗಾಗಿ ತೆಗೆದಿಟ್ಟಿದ್ದೇನೆ.

ನೀನು ಕೇಳಿದ ವಿಷಯ ಹಳೆಯದು. ಸರಿಯಾಗಿ ನೆನಪಿಲ್ಲ.

ರಾಮಪ್ರಸಾದ

(ನೆನಪಿದೆ. — ಅಮ್ಮ)


ಜಯನಗರ
೬ ಅಕ್ಟೋಬರ್ ೨೦೨೪

ಅಪ್ಪ,

ಏಳು ಭಾನುವಾರ ಬಂದು ಹೋದೆ. ನೀವೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮಗೆ ಕೇಳಿಸುವುದಿಲ್ಲ ಎಂಬುದು ಕಾರಣವಲ್ಲ. ನನಗೆ ಉತ್ತರ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತಿದೆ. ಬೇರೆ ಯಾವ ಇನ್ಸ್‌ಪೆಕ್ಟರ್ ಆಗಿದ್ದರೂ ಒಂದೇ ವಾರದಲ್ಲಿ ಮನೆ ಹುಡುಕಿ ಹೋಗಿ ಕೇಳುತ್ತಿದ್ದೆ. ಜನರನ್ನು ಕೂರಿಸಿ ಕೇಳಿ ಎಂದು ಊರಿಗೆಲ್ಲ ಪಾಠ ಹೇಳುವುದು ನನ್ನ ಕಸುಬು. ನಲವತ್ತೈದು ವರ್ಷದಲ್ಲಿ ನಿಮ್ಮನ್ನು ಕೂರಿಸಿ ಆ ಮೂರು ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿದ್ದೇನೆಯೇ? ಇಲ್ಲ.

ಕಚೇರಿಯ ಸುದ್ದಿ. ಭಾರ್ಗವ ಈಗ ಗುರುವಾರ ಬೆಳಿಗ್ಗೆ ಕಟ್ಟೆಗೆ ಬಂದು, ದಿನಕ್ಕೆ ಇಬ್ಬರ ಜೊತೆ ಕೂರುತ್ತಾರೆ. ಮೊದಲ ದಿನ ಅವರೂ ಬೆವರಿದರು, ವೇಣುವೂ ಬೆವರಿದ. "ಏನಪ್ಪಾ ಕಷ್ಟ?" ಎಂದರೆ, "ನೀವು ಹಿಂಗೆ ಕೇಳ್ತಿರೋದೇ ಸಾರ್" ಎಂದುಬಿಟ್ಟ. ಈಗ ಸ್ವಲ್ಪ ಸಲೀಸಾಗಿದೆ. ಶರಣಮ್ಮ ಕೇಳಿದ್ದು ಒಂದು ಬೀಗ ಇರುವ ಬಾತ್‌ರೂಮು. ಟ್ಯಾಂಕಿನ ಹಿಂದೆ ಒಂದು ಹಳೆಯ ಪಂಪ್ ರೂಮಿತ್ತು. ತೊಳೆಸಿ ಚಿಲಕ ಹಾಕಿಸಿದರು. ಇಷ್ಟು ವರ್ಷ ಈ ಹೆಂಗಸರು ಬೆಳಗಿನ ಆರರಿಂದ ಎಲ್ಲಿಗೆ ಹೋಗುತ್ತಿದ್ದರು ಎಂದು ನನಗೂ ತೋಚಿರಲಿಲ್ಲ, ಭಾರ್ಗವರಿಗೂ. ನಿಮಗೆ?

ಹುಲಿಗೆವ್ವನ ಸರದಿ ಕಳೆದ ವಾರ ಬಂತು. "ಏನು ಮಾಡ್ಲಿ ನಿಮಗೆ?" ಎಂದು ಭಾರ್ಗವ ಕೇಳಿದ್ದಾರೆ. "ಹೋಗೂಕಿಂತ ಮೊದಲ ಒಂದಿನಾ ಆದ್ರೂ ಆ ಪುಸ್ತಕದಾಗ ಮೇಸ್ತ್ರಿ ಅಂತ ನನ್ನ ಹೆಸರು ಬರೀರಿ. ನನ್ನ ಮೊಮ್ಮಗಳು ನಂಬೂದಿಲ್ಲ" ಎಂದಿದ್ದಾರೆ.

ಭಾರ್ಗವರಿಗೆ ಮನಸ್ಸಿದೆ. ಬೋರಯ್ಯನೂ ಒಪ್ಪಿದ್ದಾರೆ; ಮಂಡಿ ನೋವು, ಪೊರಕೆ ಗಾಡಿಗಳ ಸ್ಟೋರು ನೋಡಿಕೊಂಡು ನಿವೃತ್ತಿಗೆ ಉಳಿದ ಒಂದು ವರ್ಷ ಕಳೆದರೆ ಸಾಕಂತೆ. ಆದರೆ ಮೇಲಿನವರು ಕೇಳುತ್ತಾರೆ: ನಿವೃತ್ತಿಗೆ ಐದು ತಿಂಗಳಿರುವಾಗ ಈಕೆಯೇ ಯಾಕೆ, ಫೈಲಿನಲ್ಲಿ ಏನಿದೆ? ಆಕೆಯ ಬಗ್ಗೆ ಫೈಲಿನಲ್ಲಿ ಏನೂ ಇಲ್ಲ. ತೊಂಬತ್ತನಾಲ್ಕರ ಶಿಫಾರಸು ಇದೆ, ಅದರಲ್ಲಿ ಬೋರಯ್ಯನ ಹೆಸರಿದೆ. ಸಹಿ ನಿಮ್ಮದು.

ನಾನು ಒತ್ತಾಯ ಮಾಡುವುದಿಲ್ಲ. ಈ ಪತ್ರ ಬರೆಯಲು ಎರಡು ವಾರ ತೆಗೆದುಕೊಂಡೆ, ಅಷ್ಟೇ ಹೇಳುತ್ತೇನೆ.

ಶರ್ವಾಣಿ


ಗಿರಿನಗರ
೧೬ ನವೆಂಬರ್ ೨೦೨೪

ಶರ್ವಾಣಿ,

ನೀನು ಎರಡು ವಾರ ತೆಗೆದುಕೊಂಡೆ. ನಾನು ಆರು ವಾರ ತೆಗೆದುಕೊಂಡಿದ್ದೇನೆ.

ಮೊದಲ ಶಿಫಾರಸು ಹುಲಿಗೆವ್ವನ ಹೆಸರಿನಲ್ಲೇ ಇತ್ತು. ಅದನ್ನು ನಾನೇ ಬರೆದೆ. ಆಕೆ ಆಗ ಮೂವತ್ತರ ಒಳಗಿನವಳು. ಮಾರ್ಕೆಟ್ ರಸ್ತೆಯಲ್ಲಿ ಒಳಚರಂಡಿ ಉಕ್ಕಿದ ದಿನ ನಾನು ಬರುವ ಹೊತ್ತಿಗೆ ಜನರನ್ನು ಹಂಚಿ, ಅಂಗಡಿಯವರಿಂದ ಮರಳು ಕೇಳಿ ಹಾಕಿಸಿ, ಮಕ್ಕಳು ಆ ಕಡೆ ಹೋಗದಂತೆ ಹಗ್ಗ ಕಟ್ಟಿಸಿದ್ದಳು. ಅದನ್ನು ನೋಡಿ ಬರೆದದ್ದು. ಆಕೆಯನ್ನು ಕರೆದು ಹೇಳಿದ್ದೂ ನಿಜ.

ಮಾರನೆಯ ಬೆಳಿಗ್ಗೆ ನಾಲ್ವರು ಗಂಡಸರು ಹಾಜರಿ ಕೊಡದೆ ಟ್ಯಾಂಕಿನ ಪಕ್ಕ ನಿಂತುಬಿಟ್ಟರು. ಹೆಂಗಸು ಹೆಸರು ಕೂಗಿದರೆ ನಾವು ಓ ಎನ್ನುವುದಿಲ್ಲ ಎಂದರು. ಬೋರಯ್ಯ ಅವರಲ್ಲಿರಲಿಲ್ಲ. ಮೇಲಧಿಕಾರಿ ಫೋನಿನಲ್ಲಿ, "ರೀ ರಾಮಪ್ರಸಾದ್, ಸಂಜೆ ಒಳಗೆ ಸರಿಮಾಡಿ" ಎಂದರು. ಸಂಜೆಯೊಳಗೆ ಸರಿಮಾಡಿದೆ. ಫೈಲಿನಿಂದ ಆ ಹಾಳೆ ತೆಗೆದೆ. ಅದೇ ತಾರೀಖು ಹಾಕಿ ಬೋರಯ್ಯನ ಹೆಸರಿನಲ್ಲಿ ಇನ್ನೊಂದು ಬರೆದಿಟ್ಟೆ.

ನಿನ್ನ ಎಸ್ಸೆಸ್ಸೆಲ್ಸಿ ವರ್ಷ, ಗಲಾಟೆಯಾಗಿ ವರ್ಗವಾದರೆ ನಿನ್ನ ಓದು ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮಮ್ಮನಿಗೂ ಹಾಗೆಯೇ ಹೇಳಿದೆ. ಅದು ನಿಜವಲ್ಲ. ನನಗೆ ಜಗಳ ಬೇಡವಾಗಿತ್ತು. ಅಷ್ಟೇ.

ಆಮೇಲೆ ಆರು ವರ್ಷ ಅದೇ ವಾರ್ಡಿನಲ್ಲಿದ್ದೆ. ದಿನಾ ಬೆಳಿಗ್ಗೆ ಆಕೆ "ನಮಸ್ಕಾರ್ರಿ ಸಾಹೇಬ್ರ" ಎನ್ನುತ್ತಿದ್ದಳು. ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳಿ ಹಗುರಾಗುತ್ತಿದ್ದೆ.

ಹಾಳೆ ನನ್ನ ಬಳಿಯೇ ಇದೆ. ಸರ್ಕಾರಿ ಕಾಗದ ಹರಿಯುವ ಅಭ್ಯಾಸ ನನಗಿರಲಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ, ನಿನ್ನ ಹತ್ತೊಂಬತ್ತು ಪುಟಗಳ ಅಡಿಯಲ್ಲಿತ್ತು. ಅದನ್ನು ಅಂಚೆಯಲ್ಲಿ ಹಾಕುವುದು ಸರಿಯಲ್ಲ. ಗುರುವಾರ ಆರು ಗಂಟೆಗೆ ನಾನೇ ತರುತ್ತೇನೆ. ಆಟೋ ನಾನೇ ಮಾಡಿಕೊಳ್ಳುತ್ತೇನೆ. ಭಾರ್ಗವನಿಗೆ ಬರೆದುಕೊಡಬೇಕಾದ ಹೇಳಿಕೆಯನ್ನೂ ಬರೆದಿಟ್ಟಿದ್ದೇನೆ.

ಬಾತ್‌ರೂಮಿನ ವಿಷಯ ಕೇಳಿದ್ದೆ. ನನಗೂ ತೋಚಿರಲಿಲ್ಲ.

ರಾಮಪ್ರಸಾದ


ಜಯನಗರ
೨೨ ನವೆಂಬರ್ ೨೦೨೪

ಅಪ್ಪ,

ನಿನ್ನೆ ಆಟೋದಲ್ಲಿ ನಿಮ್ಮನ್ನು ಮನೆಗೆ ಬಿಡುವಾಗ ನಾನು ಏನೂ ಹೇಳಲಿಲ್ಲ. ನೀವು ಮಿಷನ್ ತಂದಿರಲಿಲ್ಲ. ಆ ಟ್ರಾಫಿಕ್ಕಿನಲ್ಲಿ, ಆ ಮಾತುಗಳನ್ನು ಕೂಗಿ ಹೇಳಲು ನನ್ನಿಂದ ಆಗಲಿಲ್ಲ. ನೀವು ಹೇಳಬೇಕಾದದ್ದನ್ನು ಹೇಳಿದಿರಿ, ಎಲ್ಲರಿಗೂ ಕೇಳಿಸಿತು. ಆಮೇಲೆ ಹುಲಿಗೆವ್ವ ಹೇಳಿದ್ದು ನಿಮಗೆ ಕೇಳಿಸಲಿಲ್ಲ. ನೀವು ತಲೆಯಾಡಿಸುತ್ತ ನಿಂತಿದ್ದಿರಿ. ಅದನ್ನು ಬರೆಯುತ್ತೇನೆ. ಒಂದು ಮಾತೂ ಬಿಡುವುದಿಲ್ಲ.

ನೀವು ಹಾಳೆ ಕೊಟ್ಟಾಗ ಮೊದಲು ಹೇಳಿದ್ದು: "ಮೂವತ್ತು ವರ್ಷ ಮನ್ಯಾಗ ಇಟ್ಕೊಂಡಿದ್ರ್ಯಾ ಸಾಹೇಬ್ರ? ಇಲಿ ತಿನ್ನಲಿಲ್ಲೇನ್ರಿ?" ಎಲ್ಲರೂ ನಕ್ಕರು. ಜನ ನಗುತ್ತಿದ್ದಾರೆ ಎಂದು ನೀವೂ ನಕ್ಕಿರಿ. ನನಗೆ ಆ ಕ್ಷಣ ನಿಮ್ಮ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಆಮೇಲೆ ಆಕೆ ಹಾಳೆಯನ್ನು ಬೆಳಕಿಗೆ ಹಿಡಿದರು. ಓದಿದರು. ನಿಮ್ಮ ಹಾಗೆ ನಾನೂ, ಬೋರಯ್ಯ ಓದಿ ಹೇಳಬೇಕಾಗುತ್ತದೆ ಎಂದುಕೊಂಡಿದ್ದೆ. ಆಕೆಯೇ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು. "ಅಧಿಕಾರವಿಲ್ಲದೆಯೇ ಜನರನ್ನು ಜೊತೆಗೆ ಕರೆದೊಯ್ಯಬಲ್ಲವಳು" ಎಂದು ನೀವು ಬರೆದಿದ್ದಿರಿ. ಆ ಸಾಲನ್ನು ಎರಡು ಸಲ ಓದಿದರು.

ಓದಿ ಮುಗಿಸಿ ನನಗೆ ಹೇಳಿದರು: "ನನಗ ಅಕ್ಷರ ಬರೂದಿಲ್ಲ ಅಂತ ಕೈ ಬಿಟ್ರು ಅಂತ ತಿಳಕೊಂಡಿದ್ದೆ ನೋಡ್ರಿ. ಅದಕ್ಕ ಮಗಳ ಪುಸ್ತಕದಾಗ ಕಲಿತೆ. ಎರಡು ವರ್ಷ ಹಿಡೀತು. ಕಲಿತು ದಾರಿ ನೋಡಿದೆ, ಯಾರೂ ಕರೀಲಿಲ್ಲ."

ಶರಣಮ್ಮ, "ಹೋಗ್ಲಿ ಬಿಡಕ್ಕ, ವಯಸ್ಸಾದವ್ರು, ಇಲ್ಲೀತನಕ ಬಂದವ್ರೆ" ಎಂದಳು. ಹುಲಿಗೆವ್ವ ಬಿಡಲಿಲ್ಲ. ನನ್ನತ್ತ ತಿರುಗಿ, "ನನಗ ಸಿಟ್ಟಿಲ್ಲ ಅಂತ ಅವರಿಗೆ ಹೇಳಬ್ಯಾಡ್ರಿ ಮೇಡಂ. ಸಿಟ್ಟೈತಿ. ಅದನ್ನ ಹೇಳ್ರಿ. ಚಾ ಕುಡದ ಹೋಗಾಕನೂ ಹೇಳ್ರಿ" ಎಂದರು.

ನಾನು ಆಗ ನಿಮ್ಮ ಕಿವಿಯ ಹತ್ತಿರ ಬಂದು "ಟೀ" ಎಂದದ್ದು ಅದಕ್ಕೇ. ಅರ್ಧ ಮಾತ್ರ ಹೇಳಿದ್ದೆ. ಇನ್ನರ್ಧ ಈಗ ಹೇಳಿದ್ದೇನೆ. ನೀವು ಕುಡಿದ ಗ್ಲಾಸನ್ನು ತೊಳೆದು ತಂದುಕೊಟ್ಟದ್ದು ಹುಲಿಗೆವ್ವನೇ ಎಂಬುದನ್ನು ನೀವು ನೋಡಿದ್ದೀರಿ.

ಶರ್ವಾಣಿ


ಗಿರಿನಗರ
೧ ಡಿಸೆಂಬರ್ ೨೦೨೪

ಶರ್ವಾಣಿ,

ಒಂದು ಮಾತೂ ಬಿಡದೆ ಬರೆದದ್ದಕ್ಕೆ ಸಂತೋಷ. ಬಿಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು. ಆಕೆಯ ಮುಖ ನೋಡಿದ್ದೆ.

ಕಲಿತಳು ಎಂಬುದು ನನಗೆ ತಿಳಿದಿರಲಿಲ್ಲ. ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಮಿಷನ್ನಿಗೆ ಹೊಸ ಬ್ಯಾಟರಿ ತಂದೆ.

ರಾಮಪ್ರಸಾದ

(ತಾವೇ ಹೋಗಿ ತಂದರು. ನನ್ನಿಂದ ಹೇಳಿಸಿಕೊಳ್ಳಲಿಲ್ಲ. — ಅಮ್ಮ)


ಜಯನಗರ
೯ ಮಾರ್ಚ್ ೨೦೨೫

ಅಪ್ಪ,

ಫಲಕ ಸಿಗಲಿಲ್ಲ. ಪರೀಕ್ಷೆಗೆ ಬಂದವರು ಇಪ್ಪತ್ತು ಜನರನ್ನು ಕರೆದು ಕೇಳಿದರು. ಒಂಬತ್ತು ಜನ, ನಮ್ಮ ಜೊತೆ ಕೂತು ಮಾತಾಡಿದ್ದಾರೆ ಎಂದರು. ಹನ್ನೊಂದು ಜನ, ನಮ್ಮ ಸರದಿ ಇನ್ನೂ ಬಂದಿಲ್ಲ ಎಂದರು. ಇಬ್ಬರ ಲೆಕ್ಕದಲ್ಲಿ ಗುರುವಾರ ಗುರುವಾರ ಹೋದರೆ ಅಷ್ಟೇ ಆಗುವುದು. ಕಳೆದ ಜೂನಿನಲ್ಲಿ ಕೇಳಿದ್ದರೆ ಇಪ್ಪತ್ತೂ ಜನ "ಆಯ್ತು ಸಾರ್" ಎನ್ನುತ್ತಿದ್ದರು. "ಇನ್ನೂ ಬಂದಿಲ್ಲ" ಎಂದು ಹೇಳುವ ಧೈರ್ಯ ಬಂದಿದೆಯಲ್ಲ ಎಂದು ನಾನು ಭಾರ್ಗವರಿಗೆ ಸಮಾಧಾನ ಹೇಳಿದೆ. "ಅದನ್ನ ಗೇಟಿಗೆ ಹಾಕಕ್ಕಾಗಲ್ಲ ಮೇಡಂ" ಎಂದರು. ಆದರೂ ಕಳೆದ ಗುರುವಾರ ಕಟ್ಟೆಯ ಮೇಲೆ ಕೂತಿದ್ದರು. ನಾನು ನೋಡಿದೆ.

ಹುಲಿಗೆವ್ವನ ಆದೇಶ ಡಿಸೆಂಬರ್ ಹದಿನಾರಕ್ಕೆ ಬಂದದ್ದು ನಿಮಗೆ ಗೊತ್ತು. ನಿಮ್ಮ ಹಾಳೆ ಮತ್ತು ಹೇಳಿಕೆ ಎರಡೂ ಫೈಲಿನಲ್ಲಿವೆ. ಬೋರಯ್ಯನ ಹೆಸರಿನ ಹಾಳೆಯ ಪಕ್ಕದಲ್ಲೇ. ಎರಡೂವರೆ ತಿಂಗಳು ಆಕೆ ಮೇಸ್ತ್ರಿಯಾಗಿದ್ದರು. ಕೊನೆಯ ದಿನ ಮೊಮ್ಮಗಳನ್ನು ಕರೆತಂದಿದ್ದರು. ಅಂದು ಹೆಸರು ಕೂಗಿದಾಗ ಬೋರಯ್ಯ ಸ್ಟೋರಿನಿಂದ ಮಂಡಿ ಎಳೆಯುತ್ತ ಬಂದು ಸಾಲಿನಲ್ಲಿ ನಿಂತರು. ಅವರ ಹಾಜರಿ ಈಗ ಬೇರೆ ಪುಸ್ತಕದಲ್ಲಿದೆ, ಬರಬೇಕಿರಲಿಲ್ಲ. ಹುಲಿಗೆವ್ವ ಪುಸ್ತಕದಿಂದ ತಲೆಯೆತ್ತಿ ನೋಡಿ, ಪುಸ್ತಕದಲ್ಲಿಲ್ಲದ ಹೆಸರನ್ನು ಕೂಗಿದರು: "ಬೋರಯ್ಯ!"

"ಇದ್ದೀನಿ ಮೇಸ್ತ್ರಿ."

ಇದನ್ನು ನಿಮಗೆ ಹೇಳಿ ಎಂದು ಆಕೆ ಹೇಳಲಿಲ್ಲ. ನಾನೇ ಹೇಳುತ್ತಿದ್ದೇನೆ.

ನನ್ನ ಕೆಲಸ ಈ ತಿಂಗಳು ಮುಗಿಯುತ್ತದೆ. ಒಂದು ಫಾರಂ ಉಳಿದಿತ್ತು. ಇದರ ಜೊತೆ ಇಟ್ಟಿದ್ದೇನೆ. ಮೇಲಿನವರು ಕೆಳಗಿನವರನ್ನು ಕೇಳಬೇಕು ಎಂದು ನಿಯಮ. ನಮ್ಮಿಬ್ಬರಲ್ಲಿ ಯಾರು ಯಾರು ಎಂದು ನನಗೆ ತಿಳಿಯದು, ಕೇಳುವವಳು ನಾನು. ಅವಸರವಿಲ್ಲ. "ಚೆನ್ನಾಗಿದೆ, ಕಷ್ಟವಿಲ್ಲ, ಏನೂ ಬೇಡ" ಎಂದು ಮಾತ್ರ ಬರೆಯಬೇಡಿ.

ಶರ್ವಾಣಿ


ಗಿರಿನಗರ
೧೭ ಮಾರ್ಚ್ ೨೦೨೫

ಯಾವುದು ಚೆನ್ನಾಗಿ ನಡೆಯಿತು?
ಮೂವತ್ತು ವರ್ಷ ತಡವಾಗಿ ಒಂದು ಟೀ. ನಿನ್ನ ಪುಟಗಳು ಈಗ ಹತ್ತೊಂಬತ್ತಕ್ಕಿಂತ ಹೆಚ್ಚಾಗಿರುವುದು.

ಯಾವುದು ಕಷ್ಟವಾಯಿತು?
ಎಲ್ಲರೂ ನಕ್ಕಾಗ ನಾನೂ ನಕ್ಕೆ ಎಂದು ಬರೆದಿದ್ದೆಯಲ್ಲ, ಅದು. ಹಲವು ವರ್ಷದಿಂದ ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದೇನೆ. ನೀವೆಲ್ಲ ನಕ್ಕಾಗ ನಗುತ್ತೇನೆ. ಯಾಕೆ ಎಂದು ಕೇಳಲು ನಾಚಿಕೆ.

ನಾನು ನಿಮಗೆ ಏನು ಮಾಡಬಹುದು?
ಭಾನುವಾರ ಬಾ. ಪತ್ರ ಬೇಡ. ನನ್ನ ಎಡಗಡೆ ಕೂತುಕೋ, ಆ ಕಿವಿ ವಾಸಿ. ಕೂಗಬೇಡ, ನಿಧಾನವಾಗಿ ಹೇಳು. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುತ್ತೇನೆ.

ರಾಮಪ್ರಸಾದ

(ಇವತ್ತು ಸೋಮವಾರ. ಈಗಿನಿಂದಲೇ ಮಿಷನ್ ಹಾಕಿಕೊಂಡು ಕೂತಿದ್ದಾರೆ. — ಅಮ್ಮ)